ಮಣೆ ಸರಿಸಿ ನೋಡಿ

ಅಂಗನವಾಡಿ ಮೇಲ್ವಿಚಾರಕಿಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ತರಬೇತಿಯಲ್ಲಿ ಬಹಳಷ್ಟನ್ನು ಹೇಳಿಕೊಡುತ್ತಾರೆ. ಅನುಮಾನ ಪಡುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಅದೇ. ತರೀಕೆರೆ, ಕಡೂರು, ಅಜ್ಜಂಪುರ ಮೂರೂ ಕಡೆ ಸುತ್ತಿ ನಿವೃತ್ತಳಾದವಳು ನಾನು. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲು ಇವುಗಳ ವಿಚಾರ ಇಲ್ಲಿ ಬರೆಯುವುದಿಲ್ಲ. ಶಾಲು ಎಲ್ಲರಿಗೂ ಹೊದಿಸುತ್ತಾರೆ.

ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ. ಚಪ್ಪಲಿಗಳು ಸಾಲಾಗಿರಬೇಕು, ಲೋಟ ಬೋರಲಾಗಿರಬೇಕು, ಹಾಸಿಗೆ ಸುತ್ತಿಟ್ಟ ಮೇಲೆ ಅದರ ಅಂಚು ಗೋಡೆಯ ಕಡೆಗೇ ಇರಬೇಕು. ಆ ಶಿಸ್ತು ಈಗಲೂ ಬಿಟ್ಟಿಲ್ಲ. ಆದ್ದರಿಂದ ಕೆಲಸದ ಮೊದಲ ದಿನಗಳಲ್ಲಿ ತರೀಕೆರೆಯ ಒಂದು ಕೇಂದ್ರದಲ್ಲಿ ಆಟಿಕೆಗಳ ಬೀರು ನೋಡಿ ನನಗೆ ತುಂಬಾ ಸಂತೋಷವಾಯಿತು. ಮರದ ಕುದುರೆ, ಪ್ಲಾಸ್ಟಿಕ್ ಬಳೆಗಳ ಗೋಪುರ, ಎಳೆಯುವ ಗಾಡಿ ಎಲ್ಲವೂ ಎತ್ತರದ ಪ್ರಕಾರ ನಿಂತಿದ್ದವು. ಹತ್ತಿರ ಹೋಗಿ ನೋಡಿದರೆ ಅಂಗಡಿಯಿಂದ ತಂದಾಗಿನ ಪಾಲಿಥಿನ್ ಕವರನ್ನೂ ಯಾರೂ ತೆಗೆದಿರಲಿಲ್ಲ.

“ಎಷ್ಟು ಜೋಪಾನ ಮಾಡಿದೀನಿ ನೋಡಿ ಮೇಡಂ,” ಎಂದಳು ಕಾರ್ಯಕರ್ತೆ.

“ಮಕ್ಕಳು ಆಡಲ್ವೇನಮ್ಮ?”

“ಆಡಿದ್ರೆ ಮುರಿದೋಗಲ್ವಾ? ಆಮೇಲೆ ಬಂದು ಮುರಿದಿದ್ದು ಯಾರು ಅಂತ ಕೇಳೋರೂ ನೀವೇ ತಾನೆ?”

ಅವಳು ಹೇಳಿದ್ದು ನಿಜ, ಕೇಳುತ್ತಿದ್ದವರು ನಾವೇ. ಅಂದಿನಿಂದ ಮುರಿಯದ ಆಟಿಕೆ ಕಂಡರೆ ನನಗೆ ಅನುಮಾನ. ಚೆನ್ನಾಗಿ ಜೋಡಿಸಿದ್ದನ್ನು ನೋಡಿದಾಗ ಮನಸ್ಸಿಗೆ ಹಿತವಾಗುತ್ತದೆ. ಹಾಗೆ ಹಿತವಾದ ತಕ್ಷಣ ಇನ್ನೊಮ್ಮೆ ನೋಡಬೇಕು.

ನಂತರ ಕಾಲ ಬದಲಾಯಿತು. ಬೀರುವಿನ ಆಟಿಕೆಗಳನ್ನು ನೆಚ್ಚಿಕೊಳ್ಳುವ ಬದಲು ಮನೆಯ ಸಾಮಾನಿನಲ್ಲೇ ಒಂದರಿಂದ ಮೂರು ವರ್ಷದ ಮಕ್ಕಳ ಮೈಕೈ ಆಡಿಸುವುದನ್ನು ತಾಯಂದಿರಿಗೆ ಕಲಿಸಬೇಕೆಂದು ಹೇಳಿದರು. ಇದು ನನಗೆ ಒಪ್ಪಿಗೆಯಾಯಿತು. ಇದಕ್ಕೆ ಖರ್ಚಿಲ್ಲ, ಬೀಗ ಬೇಕಿಲ್ಲ, ಮಳೆಯಿರಲಿ ಬಿಸಿಲಿರಲಿ ನಡುಮನೆ ಒಂದಿದ್ದರೆ ಸಾಕು. ದಿಂಬು ಪೇರಿಸಿದರೆ ಮಗು ಹತ್ತಿ ಇಳಿಯುತ್ತದೆ. ಮಂಚದ ಕೆಳಗೆ ತೆವಳಿ ಆಚೆ ಬರುತ್ತದೆ. ನೆಲದ ಮೇಲೆ ಹಗ್ಗ ಎಳೆದರೆ ಅದರ ಮೇಲೆ ಕಾಲಿಡುತ್ತಾ ನಡೆಯುತ್ತದೆ. ಕುಕ್ಕೆ ಬೋರಲು ಹಾಕಿದರೆ ಊರೆಲ್ಲಾ ತಳ್ಳಿಕೊಂಡು ತಿರುಗುತ್ತದೆ. ಈರುಳ್ಳಿಯನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕುತ್ತದೆ, ಮತ್ತೆ ಬಕೆಟ್ ಕವುಚುತ್ತದೆ.

ತಾಯಂದಿರಿಗೆ ಮಾತ್ರ ನಮ್ಮ ಮೇಲೆ ಪೂರ್ತಿ ಅನುಮಾನ. “ಈರುಳ್ಳಿ ಬಕೆಟ್ಟಿಗೆ ಹಾಕ್ಸೋಕೆ ನಿಮ್ಗೆ ಸರ್ಕಾರ ಸಂಬಳ ಕೊಡುತ್ತಾ?” ಎಂದು ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ನೌಕರನೊಬ್ಬನ ಹೆಂಡತಿ ನೇರವಾಗಿ ಕೇಳಿದ್ದಳು. ಕೊಡುತ್ತೆ ಎಂದೆ. ಅವಳು ನಂಬಲಿಲ್ಲ.

ಈ ಈರುಳ್ಳಿಯ ಆಟದಿಂದಲೇ ಕಡೂರಿನ ಕಡೆ ತೆಂಗಿನ ತೋಟದವರ ಒಂದು ಮನೆಯಲ್ಲಿ ಜಗಳವಾಯಿತು. ಅತ್ತೆಯ ಸುಣ್ಣದ ಡಬ್ಬಿ ಕಾಣೆಯಾಗಿತ್ತು. ನಾನು ಹೋದಾಗ ಅತ್ತೆ ಜಗಲಿಯಲ್ಲಿ, ಸೊಸೆ ಅಡುಗೆ ಮನೆಯಲ್ಲಿ, ಇಬ್ಬರ ಬಾಯಿಯೂ ನಡುಮನೆಯಲ್ಲಿ.

“ನನ್ನ ಎಲೆಅಡಿಕೆ ಬಿಡಿಸ್ಬೇಕು ಅಂತ ಇವ್ಳೇ ಎಸ್ದವಳೆ ಕಣ್ರೀ!”

“ನಾನ್ಯಾಕ್ ಎಸೀಲಿ? ನೀವೇ ಎಲ್ಲೋ ಇಟ್ಟು ಮರ್ತಿರ್ತೀರ!”

ನಾನು ಇಬ್ಬರ ಬಾಯನ್ನೂ ಬಿಟ್ಟು ಮಗುವಿನ ಕಾಲನ್ನು ನೋಡುತ್ತಾ ಕುಳಿತೆ. ಗಂಡುಮಗು, ಆಗತಾನೆ ಗಟ್ಟಿಯಾಗಿ ನಡೆಯಲು ಕಲಿತಿತ್ತು. ನನ್ನ ಪೆನ್ನಿನ ಮುಚ್ಚಳವನ್ನು ಎತ್ತಿಕೊಂಡು ಹಿತ್ತಿಲಿಗೆ ಹೊರಟಿತು. ಹಿಂದೆಯೇ ಹೋದೆ. ದನದ ಕಲಗಚ್ಚಿನ ಬಾನಿಗೆ ಮುಚ್ಚಳ ಬಿತ್ತು. ಬಾನಿ ಬಗ್ಗಿಸಿದಾಗ ಸುಣ್ಣದ ಡಬ್ಬಿ, ಒಂದು ಸೌಟು, ಬಾಗಿಲ ಬೀಗ ಎಲ್ಲವೂ ಸಿಕ್ಕಿದವು. ಮಗು ಚಪ್ಪಾಳೆ ತಟ್ಟಿತು.

ಅತ್ತೆ ಡಬ್ಬಿ ಒರೆಸಿಕೊಂಡು ನನ್ನನ್ನೇ ದಿಟ್ಟಿಸಿದರು. “ಎತ್ತಿ ಹಾಕೋದ್ನ ಇದಕ್ಕೆ ಕಲಿಸಿದ್ದು ನೀವು ತಾನೆ? ಸುಣ್ಣ ನೀವೇ ತಂದ್ಕೊಡಿ.”

ತಂದುಕೊಟ್ಟೆ. ಆದರೆ ಅಂದು ಕಲಿತದ್ದನ್ನು ಕೊನೆಯವರೆಗೂ ಉಪಯೋಗಿಸಿದೆ. ದೊಡ್ಡವರು ಹೇಳುವುದನ್ನು ಕೇಳಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ಕಣ್ಣು ಮಾತ್ರ ಮಗುವಿನ ಕೈಕಾಲಿನ ಮೇಲಿರಲಿ. ಎರಡು ವರ್ಷದ ಮಗು ಅಚ್ಚುಕಟ್ಟಾಗಿ ಆಡುವುದಿಲ್ಲ. ದಿಂಬು ಹತ್ತು ಎಂದರೆ ದಿಂಬಿನ ತೂತಿಗೆ ಬೆರಳು ಹಾಕಿ ಒಳಗಿನ ಹತ್ತಿಯನ್ನು ಎಳೆಯುತ್ತದೆ, ಹಗ್ಗದ ಮೇಲೆ ನಡೆ ಎಂದರೆ ಹಗ್ಗವನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಹೇಳಿದ ಹಾಗೆ ಹೇಳಿದ ಕ್ರಮದಲ್ಲಿ ಆಡಿ ಮುಗಿಸುವ ಮಗು ಕಂಡರೆ, ಯಾರೋ ಅದಕ್ಕೆ ಪಾಠ ಒಪ್ಪಿಸಲು ಕಲಿಸಿದ್ದಾರೆ ಎಂದೇ ಅರ್ಥ.

ಅಜ್ಜಂಪುರದ ಸಂಗತಿ ಶುರುವಾದದ್ದು ಇದೇ ಅನುಮಾನದಿಂದ.

ಆ ವೇಳೆಗೆ ನಮಗೆ ಹೊಸ ಅಧಿಕಾರಿಯೊಬ್ಬರು ಬಂದಿದ್ದರು. ಸಾಹೇಬರು ಒಳ್ಳೆಯವರು, ದುಡಿಯುವವರು, ಆದರೆ ಎಲ್ಲ ಕಡೆ ಎಲ್ಲವೂ ಒಂದೇ ಥರ ಇರಬೇಕೆನ್ನುವವರು. ಆಟಕ್ಕೂ ಒಂದು ಚಾರ್ಟ್ ಮಾಡಿಸಿದರು. ಬಾಗಿಲ ಬಳಿ ದಿಂಬು, ಅದರಾಚೆ ಮಣೆ, ಆಮೇಲೆ ಮೊರ, ಹಗ್ಗ, ಕೊನೆಗೆ ಬಕೆಟ್. ಪ್ರತಿದಿನ ಅದೇ ಜಾಗ, ಅದೇ ಕ್ರಮ. ಕಡೂರಿನ ಕೇಂದ್ರದಲ್ಲೂ ಅಜ್ಜಂಪುರದ ಮನೆಯಲ್ಲೂ ಒಂದೇ ಚಿತ್ರ ಕಾಣಬೇಕು. ಹಾಸ್ಟೆಲಿನಲ್ಲಿ ಬೆಳೆದ ನನಗೆ ಚಾರ್ಟ್ ಚೆನ್ನಾಗಿಯೇ ಕಂಡಿತು.

ಅಜ್ಜಂಪುರದ ಕಾರ್ಯಕರ್ತೆ ಲಲಿತಮ್ಮ ಈ ಚಾರ್ಟನ್ನು ಅಕ್ಷರಶಃ ಪಾಲಿಸುತ್ತಿದ್ದಳು. ಅವಳು ಪದೇಪದೇ ಹೊಗಳುತ್ತಿದ್ದ ಮಗು ನಾಜಿಯಾ. ಎರಡು ವರ್ಷವೂ ತುಂಬಿರಲಿಲ್ಲ. ಅವಳ ಅಪ್ಪ ರಫೀಕ್ ಹಾಸಿಗೆ, ದಿಂಬು ಹೊಲಿಯುವವನು. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ. ಎಲ್ಲಿ ನೋಡಿದರೂ ಹತ್ತಿ. ಅವ್ವ ಮುಬೀನಾಳದು ಮಾತು ಕಡಿಮೆ. ಮನೆಯ ಮಾತೆಲ್ಲಾ ಅಜ್ಜಿಯದು. ಅಜ್ಜಿಯನ್ನು, ಮಗು ಕರೆಯುವ ಹಾಗೆ, ನಾವೆಲ್ಲರೂ ದಾದಿ ಎಂದೇ ಕರೆಯುತ್ತಿದ್ದೆವು.

“ನಾಜಿಯಾ ಆಡೋದನ್ನ ಒಂದ್ಸಲ ನೋಡಿ ಮೇಡಂ. ಒಂದು ಹೆಜ್ಜೆ ತಪ್ಪಲ್ಲ,” ಎನ್ನುತ್ತಿದ್ದಳು ಲಲಿತಮ್ಮ. ಸಾಹೇಬರೂ ನೋಡಿ ಮೆಚ್ಚಿ, ಕಡೂರಿನಲ್ಲಿ ನಡೆಯಲಿದ್ದ ದೊಡ್ಡ ಪ್ರದರ್ಶನಕ್ಕೆ ಇದೇ ಮಗು ಬರಬೇಕೆಂದು ಹೇಳಿಹೋಗಿದ್ದರು.

ಒಂದು ಹೆಜ್ಜೆ ತಪ್ಪಲ್ಲ ಎಂಬ ಮಾತು ನನಗೆ ಸರಿಬೀಳಲಿಲ್ಲ. ಪ್ರದರ್ಶನಕ್ಕೆ ಮುಂಚೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಆ ಮನೆಗೆ ಹೋದೆ. ಲಲಿತಮ್ಮ ಅಲ್ಲೇ ಇದ್ದಳು. ದಾದಿ ಬಾಗಿಲಲ್ಲೇ ನನ್ನನ್ನು ತಡೆದರು.

“ಏನ್ ಮೇಡಂ, ಇಷ್ಟು ಬೆಳಿಗ್ಗೆ? ಅಂಗನವಾಡಿ ಮೊಟ್ಟೆ ನಿಲ್ಸೋಕ್ ಬಂದ್ರಾ?”

“ಇಲ್ಲ ದಾದಿ, ಮಗು ಆಡೋದ್ ನೋಡೋಕೆ.”

“ಹಾಂ, ನೋಡೋಕೆ! ನೀವು ನೋಡಿ ಹೋದ್ಮೇಲೆ ಏನಾದ್ರೂ ಒಂದು ಕಮ್ಮಿ ಆಗುತ್ತೆ.”

ನನ್ನ ದನಿ ಕೇಳಿ ನಾಜಿಯಾ ಒಳಗಿನಿಂದ ಓಡಿ ಬಂದಳು. ನನ್ನ ಮೊಣಕಾಲು ಹಿಡಿದು, ಎತ್ತಿಕೋ ಎಂದು ಕೈ ಚಾಚಿದಳು. ಮಕ್ಕಳು ನನ್ನನ್ನು ಕಂಡು ಹೀಗೆ ಬರುವುದು ಅಪರೂಪ. ಎತ್ತಿಕೊಂಡೆ. ನನ್ನ ಕಿವಿಯ ಓಲೆಗೆ ಮೂಗು ತಾಗಿಸಿ ನೋಡಿದಳು.

ಆಟ ಶುರುವಾಯಿತು. ಲಲಿತಮ್ಮ ಚಾರ್ಟಿನ ಪ್ರಕಾರ ಸಾಮಾನು ಇಟ್ಟಳು. ನಾಜಿಯಾ ದಿಂಬು ಹತ್ತಿ ಇಳಿದಳು, ಮಣೆ ದಾಟಿದಳು, ಮೊರ ಬಳಸಿ ಬಂದಳು, ಹಗ್ಗದ ಮೇಲೆ ನಡೆದಳು, ಬಕೆಟ್ಟಿನಲ್ಲಿ ಕೈಯಾಡಿಸಿದಳು. ಎಲ್ಲಿಯೂ ನಿಲ್ಲಲಿಲ್ಲ. ಏನನ್ನೂ ಎತ್ತಿಕೊಳ್ಳಲಿಲ್ಲ. ಕೆಳಗೆ ನೋಡಲೂ ಇಲ್ಲ, ಮುಖ ಮೇಲೆತ್ತಿಕೊಂಡೇ ಇದ್ದಳು. ಇದು ಆಟವಲ್ಲ, ಕವಾಯತು. ಲಲಿತಮ್ಮ ಹೊಡೆದು ಕಲಿಸಿದ್ದಾಳೋ, ಸಿಹಿ ಕೊಟ್ಟು ಕಲಿಸಿದ್ದಾಳೋ ಎಂದು ಲೆಕ್ಕ ಹಾಕತೊಡಗಿದೆ.

ದಾದಿ ಮಗುವಿಗೆ ನೀರು ಕುಡಿಸುತ್ತಿದ್ದಾಗ ನಾನು ಎದ್ದು ಮಣೆಯನ್ನು ಮಾತ್ರ ಕಾಲಿನಿಂದ ಒಂದಿಷ್ಟು ಮುಂದಕ್ಕೆ ಸರಿಸಿದೆ.

“ಮೇಡಂ, ಚಾರ್ಟ್ ಪ್ರಕಾರ ಅದು ಅಲ್ಲಿರ್ಬೇಕಲ್ವಾ?” ಎಂದಳು ಲಲಿತಮ್ಮ.

“ಇರಲಿ ಸುಮ್ನಿರು.”

ನಾಜಿಯಾ ಮತ್ತೆ ಹೊರಟಳು. ದಿಂಬು ಇಳಿದಳು. ಮೊದಲು ಮಣೆ ಇದ್ದ ಜಾಗಕ್ಕೆ ಬಂದು ಕಾಲನ್ನು ಎತ್ತರಕ್ಕೆ ಎತ್ತಿದಳು. ಅಲ್ಲಿ ಏನೂ ಇರಲಿಲ್ಲ. ಬರಿಯ ನೆಲವನ್ನು ಅಷ್ಟು ದೊಡ್ಡ ಹೆಜ್ಜೆಯಿಟ್ಟು ದಾಟಿದಳು. ಮುಂದಿನ ಹೆಜ್ಜೆಗೆ ಮಣೆ ಎಡವಿ ಮುಗ್ಗರಿಸಿ ಬಿದ್ದಳು.

ರಫೀಕ್ ಅಂಗಡಿಯಿಂದ ಇಣುಕಿ ನಕ್ಕ. ಲಲಿತಮ್ಮನೂ ನಕ್ಕಳು. “ಕಾಲಿಗೆ ಅಭ್ಯಾಸ ಆಗೋಗಿದೆ ಕಣ್ರೀ, ಗಾಳೀನ ದಾಟ್ತಾಳೆ!”

ಬಾಯಿಪಾಠ ಎಂಬ ನನ್ನ ಅನುಮಾನ ನಿಜವಾಯಿತೆಂದು ನಾನು ಲಲಿತಮ್ಮನ ಕಡೆ ತಿರುಗುವುದರಲ್ಲಿದ್ದೆ. ಆಗ ಮಗು ಮಾಡಿದ್ದು ಕಣ್ಣಿಗೆ ಬಿತ್ತು. ಬಿದ್ದವಳು ಅಳಲಿಲ್ಲ. ನೆಲವನ್ನು ಕೈಯಲ್ಲಿ ತಡವಿದಳು. ಮಣೆ ಸಿಕ್ಕಿತು. ಅದರ ಮೇಲೆ ಬಗ್ಗಿ, ವಾಸನೆ ನೋಡುವವಳ ಹಾಗೆ ಮುಖವನ್ನು ಅದಕ್ಕೇ ತಾಗಿಸಿದಳು.

ಅದು ಕೆಂಪು ಗಾರೆಯ ನೆಲ. ಮಣೆಯೂ ಹಳೆಯದು, ಕೆಂಪಗೆ ಮಾಸಿ ನೆಲದ ಬಣ್ಣಕ್ಕೇ ತಿರುಗಿದ್ದು.

ಅಂಗಡಿಯಿಂದ ಒಂದು ಉಂಡೆ ಹತ್ತಿ ತರಿಸಿ, ನಾಜಿಯಾಳ ಮುಂದೆ ಸದ್ದಿಲ್ಲದೆ ಪಕ್ಕದ ಗೋಡೆಯ ತನಕ ತೂರಿದೆ. ಅವಳು ತಿರುಗಲಿಲ್ಲ. ಒಂದು ಚಮಚವನ್ನು ಅದೇ ಜಾಗಕ್ಕೆ ಎಸೆದೆ. ಟಣ್ ಎಂದ ಕಡೆಗೆ ತಕ್ಷಣ ತಿರುಗಿದಳು. ಹತ್ತಿ ಮತ್ತೆ ಎಸೆದೆ. ತಿರುಗಲಿಲ್ಲ. ಈಗ ಯಾರೂ ನಗುತ್ತಿರಲಿಲ್ಲ.

“ದೂರದ್ದು ಇವಳಿಗೆ ಕಾಣುತ್ತಾ?” ಎಂದು ಮುಬೀನಾಳನ್ನು ಕೇಳಿದೆ.

ದಾದಿ ನಡುವೆ ಬಂದರು. “ಕಾಣ್ದೇ ಏನು? ಮನೆಯೆಲ್ಲಾ ಓಡಾಡ್ತಾಳೆ! ನಿಮ್ ಲಲಿತಮ್ಮನ್ನೇ ಕೇಳಿ. ಒಂದು ಹೆಜ್ಜೆ ತಪ್ಪಲ್ಲ ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದವಳು ಅವ್ಳೇ ಅಲ್ವಾ?”

ಮುಬೀನಾ ಮಗುವನ್ನು ಎತ್ತಿಕೊಂಡಳು. ಮಗು ಎಂದಿನಂತೆ ಅವಳ ಮುಖಕ್ಕೆ ಮುಖ ತಂದಿತು. “ಯಾವಾಗ್ಲೂ ಮೂಗಿಗೆ ಮೂಗು ಹಚ್ಚಿ ನನ್ನ ನೋಡ್ತಾಳೆ,” ಎಂದಳು ಮುಬೀನಾ. “ಪ್ರೀತಿ ಅಂದ್ಕೊಂಡಿದ್ದೆ.”

ಕಡೂರಿಗೆ ಕಣ್ಣಿನ ವೈದ್ಯರೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಅವರು ಬರುವ ದಿನವೇ ಪ್ರದರ್ಶನದ ದಿನವೂ ಆಗಿತ್ತು. ಸಾಹೇಬರಿಗೆ ಫೋನು ಮಾಡಿ ವಿಷಯ ಹೇಳಿದೆ.

“ಅಯ್ಯೋ ಪಾಪ. ಖಂಡಿತಾ ತೋರಿಸೋಣ,” ಎಂದರು. “ಮೊದಲು ಪ್ರದರ್ಶನ ಮುಗೀಲಿ. ಡಾಕ್ಟ್ರು ಮುಂದಿನ ವಾರಾನೂ ಬರ್ತಾರಲ್ಲ.”

“ಕಾಣದ ಮಗು ಸರ್. ಜನರ ಮುಂದೆ ಹೇಗೆ ಆಡಿಸೋದು?”

“ಚಾರ್ಟ್ ಪ್ರಕಾರ ಇಟ್ರೆ ಚೆನ್ನಾಗೇ ಆಡ್ತಾಳಲ್ಲ, ನಾನೇ ನೋಡಿದೀನಿ.”

ಈ ಮಾತಿನಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಸಭಾಂಗಣ ಗೊತ್ತುಮಾಡಿ ಆಗಿತ್ತು, ಅತಿಥಿಗಳಿಗೆ ಹೇಳಿ ಆಗಿತ್ತು. ಆದರೂ ಮುಂದಿನ ವಾರ ಎಂದರೆ ಎಷ್ಟು ವಾರ ಎಂಬುದು ಸರ್ಕಾರಿ ಕೆಲಸ ಮಾಡಿದವರಿಗೆಲ್ಲಾ ಗೊತ್ತು. ಮಗುವನ್ನು ಸಭಾಂಗಣಕ್ಕೆ ಕರೆತರುವುದಿಲ್ಲ ಎಂದು ಹೇಳಿ ಫೋನಿಟ್ಟೆ.

ಲಲಿತಮ್ಮ ಅಳುಮುಖ ಮಾಡಿದಳು. “ನನಗೆ ಒಂದು ಹೆಸರು ಬರೋದ್ರಲ್ಲಿತ್ತು, ಅದನ್ನ ನೋಡೋಕೆ ನಿಮ್ಗೆ ಆಗ್ಲಿಲ್ಲ ಅಲ್ವಾ ಮೇಡಂ?”

ಅವಳು ಮಗುವಿಗೆ ಹೊಡೆದೂ ಇರಲಿಲ್ಲ, ಸಿಹಿ ಕೊಟ್ಟೂ ಇರಲಿಲ್ಲ. ನೆರೆಯವರನ್ನೆಲ್ಲಾ ವಿಚಾರಿಸಿ ತಿಳಿದುಕೊಂಡೆ. ದಿನವೂ ಸಾಮಾನನ್ನು ಚಾರ್ಟಿನಂತೆ ಒಂದೇ ಕಡೆ ಇಟ್ಟಿದ್ದಳು, ಅಷ್ಟೇ. ಮನೆಯವರೂ ಸಾಮಾನಿನ ಜಾಗ ಬದಲಿಸದ ಅಚ್ಚುಕಟ್ಟಿನವರು. ಅಷ್ಟು ಜನರ ಅಚ್ಚುಕಟ್ಟನ್ನು ಆ ಪುಟ್ಟ ಮಗು ಕಾಲಿನಲ್ಲಿ ಬರೆದುಕೊಂಡಿತ್ತು.

ಇನ್ನು ಮನೆಯವರನ್ನು ಒಪ್ಪಿಸಬೇಕಿತ್ತು. ಮರುದಿನ ಸಂಜೆ ಹೋದೆ. ದಾದಿ ನನಗೆ ಚಹಾ ಕೊಟ್ಟರು, ಮಗುವನ್ನು ಕೊಡಲಿಲ್ಲ. ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.

“ಡಾಕ್ಟ್ರ ಹತ್ರ ಹೋದ್ರೆ ಕಣ್ಣೊಳಗೆ ಏನೋ ಹಾಕ್ತಾರೆ. ಆಮೇಲೆ ಅಷ್ಟು ದಪ್ಪ ಕನ್ನಡಕ. ಹೆಣ್ಣ್‌ಮಗು ಮೇಡಂ! ನಾಳೆ ಯಾರು ಕೇಳ್ತಾರೆ ಇವ್ಳನ್ನ? ದೊಡ್ಡೋಳಾದ್ರೆ ತಾನೇ ಸರಿ ಹೋಗುತ್ತೆ.”

“ಹೋಗದಿದ್ರೆ?” ಎಂದೆ.

“ನಿಮ್ಗ್ಯಾಕೆ ಇಷ್ಟೊಂದು ಅವಸರ? ಅದನ್ನ ಹೇಳಿ ಮೊದ್ಲು. ಕಡೂರಲ್ಲಿ ಆ ಡಾಕ್ಟ್ರು ನಿಮ್ಗೇನಾಗ್ಬೇಕು?”

ರಫೀಕ್ ಸೂಜಿ ಕೆಳಗಿಟ್ಟು ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಮತ್ತೆ ಸೂಜಿ ಎತ್ತಿಕೊಂಡ. ಇನ್ನು ಇಲ್ಲಿ ಕೆಲಸವಾಗದು ಎಂದು ನಾನು ಏಳುವುದರಲ್ಲಿದ್ದೆ. ಅಷ್ಟರಲ್ಲಿ ಮುಬೀನಾ ಎದ್ದು ನಡುಮನೆಯ ಆ ತುದಿಗೆ ಹೋಗಿ ನಿಂತಳು. ಬಾಯಿ ತೆರೆಯದೆ ಮಗುವಿನ ಕಡೆ ಎರಡೂ ಕೈ ಚಾಚಿದಳು. ದಾದಿಯ ಮಡಿಲಿನಲ್ಲಿದ್ದ ಮಗು ಅತ್ತ ಮುಖ ಮಾಡಿಯೇ ಇತ್ತು. ಅವ್ವ ಕೈ ಚಾಚಿದರೂ ಅದಕ್ಕೆ ತಿಳಿಯಲಿಲ್ಲ. ಮುಬೀನಾ ಹಾಗೇ ನಿಂತಿದ್ದಳು. ಮಗು ತನ್ನ ಬೆರಳು ಚೀಪುತ್ತಾ ಕುಳಿತಿತ್ತು.

ದಾದಿಯ ಹಿಡಿತ ಸಡಿಲವಾಯಿತು.

“ಬಸ್ಸು ಎಷ್ಟೊತ್ತಿಗೆ ಮೇಡಂ?” ಎಂದಳು ಮುಬೀನಾ.

ಬೀರೂರಿನ ಮೇಲೆ ಕಡೂರಿಗೆ ಹೋದೆವು. ದಾದಿಯೂ ಹೊರಟರು. ನನ್ನ ಮೇಲೆ ಕಣ್ಣಿಡಲು ಬಂದದ್ದೆಂದು ಅವರೇ ಬಸ್ಸಿನಲ್ಲಿ ಪಕ್ಕದವರಿಗೆ ಹೇಳುತ್ತಿದ್ದರು. ವೈದ್ಯರು ಮಗುವಿನ ಕಣ್ಣಿಗೆ ಹನಿ ಹಾಕಿ, ಬಹಳ ಹೊತ್ತು ಕಾಯಿಸಿ, ಬೆಳಕು ಬಿಟ್ಟು ನೋಡಿದರು. ಹುಟ್ಟಿನಿಂದಲೇ ಬಂದ ತೀರಾ ಹತ್ತಿರದ ದೃಷ್ಟಿ ಎಂದರು. ಮೂಗಿನ ತುದಿಯವರೆಗೆ ಸ್ಪಷ್ಟ, ಅದರಾಚೆ ಎಲ್ಲಾ ಕಲಸಿದ ಬಣ್ಣ. ಕನ್ನಡಕ ಈಗಲೇ ಹಾಕಬೇಕು. ಹಾಕದೆ ಬಿಟ್ಟರೆ ಕಣ್ಣು ನೋಡುವುದನ್ನು ಕಲಿಯದೆ ಉಳಿಯಬಹುದು, ಆಮೇಲೆ ಎಂಥ ಕನ್ನಡಕ ಹಾಕಿದರೂ ಪೂರ್ತಿ ಫಲ ಸಿಗುವುದಿಲ್ಲ ಎಂದರು.

“ಆಪರೇಷನ್ ಮಾಡಲ್ವಾ?” ದಾದಿ ಕೇಳಿದರು.

“ಬೇಡ ಅಜ್ಜಿ.”

“ಖಂಡಿತಾ?” ಎಂದು ಇನ್ನೊಮ್ಮೆ ಕೇಳಿ, ವೈದ್ಯರ ಮೇಜಿನ ಮೇಲೆ ಕತ್ತರಿ ಏನಾದರೂ ಇದೆಯೇ ಎಂದು ಬಗ್ಗಿ ನೋಡಿದರು.

ಅದೇ ಹೊತ್ತಿಗೆ ಸಭಾಂಗಣದಲ್ಲಿ ಲಲಿತಮ್ಮ ಬೇರೊಂದು ಮಗುವನ್ನು ಆಡಿಸಲು ನಿಲ್ಲಿಸಿದ್ದಳು. ಆ ಮಗು ದಿಂಬಿನ ಮೇಲೆ ಕುಳಿತದ್ದು ಕುಳಿತೇ ಇತ್ತಂತೆ, ಕೊನೆಗೆ ಅತಿಥಿಗಳ ಹಾರವನ್ನು ಬಕೆಟ್ಟಿಗೆ ಹಾಕಿತಂತೆ. ಕೇಳಿ ನನಗೆ ಸಮಾಧಾನವಾಯಿತು. ಅದು ಆಟ. ಸಾಹೇಬರು ನನಗೆ ಮೆಮೋ ಕೊಟ್ಟರು, ಉತ್ತರ ಬರೆದೆ. ಮುಂದಿನ ಸಭೆಯಲ್ಲಿ ಚಾರ್ಟಿನ ಕೊನೆಗೆ “ಜಾಗಗಳನ್ನು ದಿನವೂ ಬದಲಿಸತಕ್ಕದ್ದು” ಎಂಬ ಸಾಲನ್ನು ಅವರೇ ಸೇರಿಸಿದರು. ನನ್ನನ್ನು ನೋಡಲಿಲ್ಲ, ನಾನೂ ನೋಡಲಿಲ್ಲ.

ನೀವೂ ಬದಲಿಸಿ. ಮಗು ಎಷ್ಟು ಚೆನ್ನಾಗಿ ಆಡಿದರೂ ಒಂದು ಸಾಮಾನು ಸರಿಸಿ, ಕೆಳಗೆ ನೋಡುತ್ತದೆಯೋ ಇಲ್ಲವೋ ನೋಡಿ. ಸದ್ದು ಮಾಡದ ವಸ್ತುವೊಂದನ್ನು ಎಸೆದು ನೋಡಿ. ಎಡವಿದರೆ ಎತ್ತಿಕೊಳ್ಳುವ ಮೊದಲು, ಎಡವಿದ್ದನ್ನು ಅದು ಕಣ್ಣಿನಿಂದ ಹುಡುಕುತ್ತದೆಯೋ ಕೈಯಿಂದ ಹುಡುಕುತ್ತದೆಯೋ ಗಮನಿಸಿ. ಎಲ್ಲ ಸರಿಯಿದ್ದರೆ ನಿಮಗೆ ನಷ್ಟವೇನೂ ಇಲ್ಲ, ದಾದಿಯಂಥವರಿಂದ ಎರಡು ಮಾತು ಕೇಳಬೇಕಾಗುತ್ತದೆ ಅಷ್ಟೆ.

ಕನ್ನಡಕ ಬಂತು. ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ ಕಟ್ಟುವಂಥದ್ದು. ಕನ್ನಡಕ ಮನೆಗೆ ಬಂದ ಮಾತ್ರಕ್ಕೆ ಮುಖಕ್ಕೆ ಏರಿತು ಎಂದುಕೊಳ್ಳುವವಳು ನಾನಲ್ಲ. ಹೇಳದೆ ಒಂದು ಮಧ್ಯಾಹ್ನ ಹೋದೆ. ಮಗುವಿನ ಮುಖ ಬರಿದಾಗಿತ್ತು.

“ತೊಳೆದು ಒಣಗೋಕೆ ಇಟ್ಟಿದೀವಿ,” ಎಂದರು ದಾದಿ. ಅಂದು ಮನೆಗೆ ನೆಂಟರು ಬಂದಿದ್ದರು.

ನೆಂಟರ ಎದುರಿಗೆ ಜಗಳ ಬೇಡವೆಂದು ಹಿಂದಿರುಗಿದೆ. ಕೆಲವು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಅಂಗಡಿಯ ಕಡೆಯಿಂದ ಹೋಗದೆ ಹಿತ್ತಿಲ ಬಾಗಿಲಿಂದ ಒಳಬಂದೆ, ಚಪ್ಪಲಿ ಕೈಯಲ್ಲಿ ಹಿಡಿದು. ಬಾಗಿಲ ಬಳಿ ಸದ್ದು ಮಾಡದೆ ನಿಂತೆ.

ನಾಜಿಯಾ ನಡುಮನೆಯ ಆ ಕೊನೆಯಲ್ಲಿದ್ದಳು. ಕನ್ನಡಕ ಮುಖದ ಮೇಲಿತ್ತು. ದಿಂಬು, ಮೊರ, ಬಕೆಟ್ ಎಲ್ಲಾ ಅಡ್ಡಾದಿಡ್ಡಿ ಬಿದ್ದಿದ್ದವು. ಅವಳು ಬಹಳ ನಿಧಾನವಾಗಿದ್ದಳು. ಒಂದು ಹೆಜ್ಜೆ ಇಡುವಳು, ನಿಲ್ಲುವಳು, ಬಗ್ಗಿ ನೋಡುವಳು. ಹಗ್ಗದ ತುದಿ ಎತ್ತಿ ಬಾಯಿಗೆ ಹಾಕಿಕೊಂಡಳು. ಗಾಳಿಯಲ್ಲಿ ತೇಲುತ್ತಿದ್ದ ಹತ್ತಿಯ ಎಳೆಯೊಂದನ್ನು ಕಣ್ಣಿನಲ್ಲೇ ಹಿಂಬಾಲಿಸಿ, ಅದು ಕೆಳಗಿಳಿಯುವ ತನಕ ಕತ್ತು ತಿರುಗಿಸಿದಳು. ಹಾಗೆ ತಿರುಗಿಸುವಾಗ ಬಾಗಿಲಲ್ಲಿ ನಿಂತಿದ್ದ ನಾನು ಅವಳ ಕಣ್ಣಿಗೆ ಬಿದ್ದೆ.

ಕೆಳತುಟಿ ಹೊರಗೆ ಬಂತು. ಮುಂದಿನ ಗಳಿಗೆಗೆ ಮನೆ ಹಾರಿಹೋಗುವ ಹಾಗೆ ಕಿರುಚಿದಳು. ಬಕೆಟ್ ಬಳಸಿ, ಮಣೆ ಬಳಸಿ, ಎಲ್ಲಿಯೂ ಎಡವದೆ ಓಡಿ ದಾದಿಯ ಮಡಿಲಿಗೆ ಬಿದ್ದಳು.

ದಾದಿ ನಕ್ಕ ನಗುವಿಗೆ ರಫೀಕ್ ಅಂಗಡಿ ಬಿಟ್ಟು ಒಳಗೆ ಬಂದ.

“ಇಷ್ಟು ದಿನ ನಿಮ್ ದನಿ ಮಾತ್ರ ಗೊತ್ತಿತ್ತು ಮೇಡಂ ಇವ್ಳಿಗೆ,” ಎಂದರು ದಾದಿ, ಕಣ್ಣೊರೆಸಿಕೊಳ್ಳುತ್ತಾ. “ಮುಖ ಇವತ್ತೇ ನೋಡಿದ್ದು!”

ನಾನು ಇದ್ದಲ್ಲಿಯೇ ನಿಂತೆ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ದಾದಿಯ ಸೆರಗಿನ ಮರೆಯಿಂದ ಎರಡು ದಪ್ಪ ಗಾಜು ಮೆಲ್ಲಗೆ ಹೊರಬಂದವು. ಅಷ್ಟು ದೂರದಿಂದ ನನ್ನನ್ನು ಮತ್ತೊಮ್ಮೆ ನೋಡಿ, ನಾಜಿಯಾ ಮತ್ತೆ ಅಳಲು ಶುರುಮಾಡಿದಳು.